ನಾನೂರಕ್ಕೆ ತೊಂಬತ್ತಾರು

ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಪಾಚಿ ಮೇಡಂ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಆಕೆ ಮಾಡುತ್ತಿದ್ದುದು ಒಂದೇ ಕೆಲಸ. ಕೆರೆ, ಹೊಳೆ, ಜೌಗಿನ ಕಲ್ಲುಗಳಿಗೆ ಅಂಟಿದ ಕಂದು ಲೋಳೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತರುವುದು, ಆಸಿಡ್ಡಿನಲ್ಲಿ ಕುದಿಸಿ ತೊಳೆಯುವುದು, ಮೈಕ್ರೋಸ್ಕೋಪಿನ ಕೆಳಗಿಟ್ಟು ಎಣಿಸುವುದು. ಆ ಲೋಳೆ ಬರೀ ಲೋಳೆಯಲ್ಲ, ಗಾಜಿನಂಥ ಚಿಪ್ಪು ತೊಟ್ಟ ಪಾಚಿ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಒಂದು ಸ್ಲೈಡಿಗೆ ನಾನೂರು ಚಿಪ್ಪು ಎಣಿಸಿ, ಎಷ್ಟು ಜಾತಿ, ಎಷ್ಟು ನೆಟ್ಟಗಿವೆ, ಎಷ್ಟು ಸೊಟ್ಟಗಿವೆ ಎಂದು ಬರೆಯಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರು, "ಇದಕ್ಕೂ ಸಂಬಳ ಕೊಡ್ತಾರಾ ಮೇಡಂ?" ಎಂದು ಕೇಳುವುದಿತ್ತು. "ಕೊಡ್ತಾರೆ. ಪಾಚಿ ಮೇಲೆ ಜಾರಿ ಬಿದ್ರೆ ರಜೆನೂ ಕೊಡ್ತಾರೆ" ಎನ್ನುತ್ತಿದ್ದಳು.

ಆ ಸಲ ಬಂದದ್ದು ತಾಮ್ರದ ಗಣಿಯ ಕೆಳಗಿನ ಜೌಗಿನ ಮಾದರಿಗಳು. ಗಣಿಯವರು ತಮ್ಮ ಕೆಸರು ತುಂಬಲು ಇನ್ನೊಂದು ಹೊಂಡಕ್ಕೆ ಅನುಮತಿ ಕೇಳಿದ್ದರು. ಅದಕ್ಕೂ ಮೊದಲು ಜೌಗು ಹೇಗಿದೆಯೆಂದು ಪ್ರಯೋಗಾಲಯ ವರದಿ ಕೊಡಬೇಕಿತ್ತು. ಬಾಟಲಿಯ ನೀರಿನ ಫಲಿತಾಂಶ ಮೊದಲು ಬಂತು. ತಾಮ್ರ, ಸತು, ಆಮ್ಲ ಎಲ್ಲವೂ ಮಿತಿಯೊಳಗೆ. ಬೆರಳಿಟ್ಟು ತೋರಿಸುವಂಥ ತಪ್ಪು ಒಂದೂ ಇರಲಿಲ್ಲ.

ಪಾಚಿ ಬೇರೆಯೇ ಹೇಳುತ್ತಿತ್ತು. ಗಣಿಗಿಂತ ಮೇಲಿನ ತೊರೆಯ ಕಲ್ಲಿನಲ್ಲಿ ನಲವತ್ತೊಂದು ಜಾತಿ, ನಾನೂರಕ್ಕೆ ಮೂರೇ ಸೊಟ್ಟ ಚಿಪ್ಪು. ಕೆಳಗಿನ ಜೌಗಿನ ಕಲ್ಲಿನಲ್ಲಿ ಆರು ಜಾತಿ, ತೊಂಬತ್ತಾರು ಸೊಟ್ಟ. ಸಣ್ಣ ದೋಣಿಯಂತೆ ನೆಟ್ಟಗಿರಬೇಕಾದ ಚಿಪ್ಪು, ಯಾರೋ ಮೇಲೆ ಕೂತೆದ್ದ ಚಮಚದಂತೆ ನಡುವಿನಲ್ಲೇ ಬಾಗಿತ್ತು. ತನ್ನ ಕಣ್ಣೇ ಮೋಸ ಮಾಡುತ್ತಿರಬೇಕೆಂದು ಆಕೆ ಮಸೂರ ಒರೆಸಿ, ಅದೇ ಕಲ್ಲಿನ ಇನ್ನೊಂದು ಸ್ಲೈಡ್ ಎಣಿಸಿದಳು. ತೊಂಬತ್ತೆಂಟು ಬಂತು.

ಪ್ರಯೋಗಾಲಯದ ಮುಖ್ಯಸ್ಥರು ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಅಷ್ಟನ್ನು ಯಾರ ಉಸಾಬರಿಯೂ ಇಲ್ಲದೆ ಕಳೆದರೆ ಸಾಕಾಗಿತ್ತು ಅವರಿಗೆ.

"ನೀರು ಸರಿಯಾಗಿದೆ ಅಂತ ಯಂತ್ರ ಹೇಳ್ತಿದೆ. ಇಲ್ಲ ಅಂತ ನಿಮ್ಮ ಪಾಚಿ ಹೇಳ್ತಿದೆ. ನಾನು ಯಾರನ್ನ ನಂಬಲಿ ಮೇಡಂ?"

"ಇಬ್ಬರನ್ನೂ ನಂಬಿ ಸರ್. ಬಾಟಲಿ ಹೇಳೋದು ಆ ಒಂದು ದಿನದ ಮಾತು. ಪಾಚಿ ಆರು ವಾರದಿಂದ ಆ ಕಲ್ಲಿನ ಮೇಲೇ ಕೂತು ಬಂದಿದ್ದೆಲ್ಲ ಕುಡಿದಿದೆ."

ಅವರು ಆಕೆಯ ಪುಟವನ್ನು ವರದಿಯಿಂದ ತೆಗೆದು ಮೇಜಿನ ಅಂಚಿಗಿಟ್ಟರು. "ಇದು ಬೇಡ. ಓದೋರಿಗೆ ಗೊಂದಲ."

"ಹಾಗಾದ್ರೆ ವರದಿಗೆ ನನ್ನ ಸಹಿನೂ ಬೇಡ" ಎಂದು ಪುಟವನ್ನು ಎತ್ತಿಕೊಂಡು ಆಕೆ ಹೊರಬಂದಳು.

ಮನೆಯಲ್ಲಿದ್ದುದು ಆಕೆ ಮತ್ತು ಮಾವ. ಗಂಡ ದೂರದೂರಿನ ಬಸ್ಸು ಓಡಿಸುವವನು, ವಾರಕ್ಕೊಮ್ಮೆ ಮನೆ ಕಾಣುತ್ತಿದ್ದ. ಮಾವ ಅದೇ ಗಣಿಯ ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ಸೊಸೆ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದನ್ನು ನೋಡಿ ಏನಾಯಿತೆಂದು ಕೇಳಿದರು. ಆಕೆ ಎಲ್ಲ ಹೇಳಿದಳು.

"ನೀರು ತುಂಬಿಸ್ಕೊಂಡಿದ್ದು ಯಾವತ್ತು?"

"ಬುಧವಾರ."

"ಬರ್ತೀವಿ ಅಂತ ಮೊದಲೇ ತಿಳಿಸಿದ್ರಾ?"

"ಹತ್ತು ದಿನ ಮುಂಚೆ ಕಾಗದ ಹೋಗುತ್ತೆ ಮಾವ. ಅದು ನಿಯಮ."

ಅವರು ಎದ್ದು ಕೈ ತೊಳೆದು, ಟವೆಲಿನಲ್ಲಿ ಬಹಳ ಹೊತ್ತು ಒರೆಸಿಕೊಂಡರು. "ಹಾಗಾದ್ರೆ ಸೋಮವಾರವೇ ಗಣಿಯವರು ಮೇಲಿನ ಕಟ್ಟೆಯ ವಾಲ್ವ್ ತೆಗೆದಿರ್ತಾರೆ. ಎರಡು ದಿನ ಒಳ್ಳೇ ನೀರು ಹರಿದ್ರೆ ಜೌಗು ತೊಳೆದಿಟ್ಟ ಹಾಗಾಗುತ್ತೆ. ನಾನೇ ತೆಗೀತಿದ್ದೆ ಕಣಮ್ಮ. ಹನ್ನೊಂದು ವರ್ಷ."

ಆಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಆ ಹನ್ನೊಂದು ವರ್ಷವೂ ನಾನು ಈ ಮನೇಲೇ ಇದ್ದೆ. ಪಾಚಿ ವಾಸನೆ ಹೊತ್ಕೊಂಡು ದಿನಾ ನಿಮ್ಮ ಮುಂದೇ ಓಡಾಡ್ತಿದ್ದೆ. ಒಂದು ಮಾತು ಹೇಳ್ಬಹುದಿತ್ತು."

"ನೀನು ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ ಅಂತ ಈಗ ಬಡಾಯಿ ಕೊಚ್ಕೊಳ್ಳಲ್ಲ."

ಎರಡು ದಿನ ಆಕೆ ಮಾವನೊಡನೆ ಮಾತಾಡಲಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟು ಹೋಗುತ್ತಿದ್ದಳು, ಅವರು ತಾವೇ ಬಡಿಸಿಕೊಂಡು ತಿಂದು ಪಾತ್ರೆ ತೊಳೆದಿಡುತ್ತಿದ್ದರು. ಮೂರನೆಯ ದಿನ ಭಾನುವಾರ. ಬೆಳಿಗ್ಗೆ ನೋಡಿದರೆ ಮಾವ ಹಳೆಯ ರಬ್ಬರ್ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಕಚೇರಿಯ ಸ್ಲೈಡು ಕಚೇರಿಯದ್ದು. ನಿನಗೆ ನಿನ್ನದೇ ಕಲ್ಲು ಬೇಕಲ್ವಾ? ನಡಿ, ಯಾವ ದಾರೀಲಿ ಹೋಗ್ಬೇಕು ಅಂತ ನನಗೆ ಗೊತ್ತು."

ಜೌಗಿನಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುವ ಹೆಂಗಸೊಬ್ಬಳು ಇವರನ್ನು ಅನುಮಾನದಿಂದಲೇ ನೋಡಿದಳು. ವಿಷಯ ತಿಳಿದ ಮೇಲೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಕಲ್ಲುಗಳನ್ನು ತಾನೇ ಆರಿಸಿ ಕೊಟ್ಟಳು. ಕಲ್ಲು ತೆಗೆದ ಜಾಗ, ದಿನ, ಹೊತ್ತು ಎಲ್ಲವನ್ನೂ ಪಾಚಿ ಮೇಡಂ ಬರೆದುಕೊಂಡಳು. ಕೆಳಗೆ ಮೂವರೂ ಸಹಿ ಹಾಕಿದರು. ಹಿಂತಿರುಗುವಾಗ ಮೇಲಿನ ತೊರೆಗೂ ಹೋಗಿ ಒಂದು ಕಲ್ಲು ಕೆರೆದುಕೊಂಡರು.

ಗಣಿಯ ಅರ್ಜಿಯ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆ ಶಾಲೆಯೊಂದರ ದೊಡ್ಡ ಕೋಣೆಯಲ್ಲಿ ನಡೆಯಿತು. ಆಕೆ ರಜೆ ಹಾಕಿದ್ದಳು. ಪ್ರಯೋಗಾಲಯದವರು ಗುಜರಿಗೆ ಹಾಕಿದಾಗ ಕೊಂಡಿಟ್ಟಿದ್ದ ಒಂಟಿಗಣ್ಣಿನ ಮೈಕ್ರೋಸ್ಕೋಪನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮಾವನೊಡನೆ ಬಂದಳು. ಕೋಣೆಯ ಹಿಂಬದಿಯಲ್ಲಿ ಬಿಸಿಲು ಬೀಳುವ ಕಿಟಕಿಯ ಹತ್ತಿರ ಬೆಂಚಿನ ಮೇಲೆ ಅದನ್ನಿಟ್ಟು, ಎರಡು ಸ್ಲೈಡು ಪಕ್ಕಕ್ಕಿಟ್ಟಳು. ಈ ಸಲ ಆಸಿಡ್ಡಿನಲ್ಲಿ ತೊಳೆಯಲು ಆಗಿರಲಿಲ್ಲ. ಚಿಪ್ಪು ಅಷ್ಟು ಸ್ಪಷ್ಟವಾಗಿರದಿದ್ದರೂ ನೆಟ್ಟಗಿನದು ಯಾವುದು, ಸೊಟ್ಟದು ಯಾವುದು ಎಂದು ತಿಳಿಯುತ್ತಿತ್ತು.

ಮುಂದೆ ಮುಖ್ಯಸ್ಥರು ವರದಿ ಓದುತ್ತಿದ್ದರು. ಎಲ್ಲವೂ ಮಿತಿಯೊಳಗೆ. ಪಾಚಿಯ ಸುದ್ದಿಯೇ ಇಲ್ಲ. ಹಿಂದೆ ಜೊಂಡಿನವಳು ಮೊದಲು ಕಣ್ಣಿಟ್ಟು ನೋಡಿದಳು.

"ಇದು ಸರಿಯಾಗೇ ಇದೆಯಲ್ಲ. ಈ ಇನ್ನೊಂದನ್ನ ಯಾರು ತುಳಿದ್ರು?"

ಅವಳ ಹಿಂದೆ ಅವಳ ಅಕ್ಕ, ಅಕ್ಕನ ಹಿಂದೆ ನಾಲ್ಕು ಜನ. ಸ್ವಲ್ಪ ಹೊತ್ತಿನಲ್ಲಿ ಮುಂದಿನ ಕುರ್ಚಿಗಳೆಲ್ಲ ಖಾಲಿಯಾಗಿ ಹಿಂದೆ ಸಾಲು ಬೆಳೆಯಿತು. ಸಭೆ ನಡೆಸಲು ಬಂದಿದ್ದ ಅಧಿಕಾರಿ, ಕನ್ನಡಕದ ಹೆಂಗಸು, ಮೇಜು ಕುಟ್ಟಿ ಅಲ್ಲೇನು ನಡೆಯುತ್ತಿದೆಯೆಂದು ಕೇಳಿದರು.

"ವರದಿಯಿಂದ ತೆಗೆದ ಪುಟ ತೋರಿಸ್ತಿದೀನಿ ಮೇಡಂ" ಎಂದಳು ಆಕೆ.

ಮುಖ್ಯಸ್ಥರು ಎದ್ದರು. "ಅವರು ರಜೆಯಲ್ಲಿದ್ದಾರೆ. ಇದು ಪ್ರಯೋಗಾಲಯದ ಮಾತಲ್ಲ."

"ಹೌದು, ನನ್ನ ಮಾತು. ಹತ್ತೊಂಬತ್ತು ವರ್ಷ ಇದನ್ನೇ ಎಣಿಸಿದ ಕಣ್ಣು ನನ್ನದು. ಕೆಲಸದಿಂದ ತೆಗೆದ್ರೂ ಎಣಿಕೆ ಬದಲಾಗಲ್ಲ."

ಗಣಿಯ ಪರವಾಗಿ ಬಂದಿದ್ದ ವ್ಯವಸ್ಥಾಪಕ ನಕ್ಕ. "ನೀರು ಸರಿಯಾಗಿದ್ದು ಪಾಚಿ ಮಾತ್ರ ಕೆಟ್ಟಿದ್ದು ಹೇಗೆ? ಅದನ್ನೂ ನೀವೇ ಹೇಳಿಬಿಡಿ."

"ಅದನ್ನ ನಾನು ಹೇಳ್ತೀನಿ" ಎಂದು ಮಾವ ಎದ್ದು ನಿಂತರು.

ಅವರಿಗೆ ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ. ಮೈಕು ಕೊಟ್ಟರೆ ಅದನ್ನು ಟಾರ್ಚಿನಂತೆ ಕೆಳಮುಖವಾಗಿ ಹಿಡಿದರು. ಆದರೂ ಎಲ್ಲ ಹೇಳಿದರು. ಪರೀಕ್ಷೆಯವರ ಕಾಗದ ಬರುತ್ತಿದ್ದುದು, ಎರಡು ದಿನ ಮುಂಚೆ ಗಣಿಯ ಮೇಲಿನವರಿಂದ ಫೋನು ಬರುತ್ತಿದ್ದುದು, ತಾವು ಹೋಗಿ ವಾಲ್ವ್ ತೆಗೆಯುತ್ತಿದ್ದುದು. "ತಪ್ಪು ಅಂತ ಗೊತ್ತಿತ್ತು. ಗೊತ್ತಿದ್ದೇ ಮಾಡ್ದೆ" ಎಂದೂ ಹೇಳಿದರು.

"ಹಿರಿಯರು, ವಯಸ್ಸಾಗಿದೆ. ನೆನಪು ಹಿಂದೆ ಮುಂದೆ ಆಗುತ್ತೆ" ಎಂದ ವ್ಯವಸ್ಥಾಪಕ.

"ವಾಲ್ವಿನ ಚಕ್ರ ಇಪ್ಪತ್ತೆರಡು ಸುತ್ತು. ಹದಿನಾಲ್ಕನೇ ಸುತ್ತಿಗೆ ಸಿಕ್ಕಿ ಹಾಕ್ಕೊಳ್ಳುತ್ತೆ, ಎಡಗಾಲಲ್ಲಿ ಒದೀಬೇಕು. ಹೊರಗೆ ನಿಮ್ಮ ಕಾರಿದೆಯಲ್ಲ, ಈಗಲೇ ಹೋಗಿ ನೋಡ್ಕೊಂಡು ಬರೋಣ ನಡೀರಿ. ನೆನಪು ಯಾರದ್ದು ಕೆಟ್ಟಿದೆ ಅಂತ ಗೊತ್ತಾಗುತ್ತೆ."

ವ್ಯವಸ್ಥಾಪಕ ಕಾರಿನ ಕೀಲಿಯನ್ನು ಮೇಜಿನಿಂದೆತ್ತಿ ಜೇಬಿಗೆ ಹಾಕಿಕೊಂಡ. ಅಧಿಕಾರಿ ಅಷ್ಟನ್ನೂ ದಾಖಲೆಗೆ ಬರೆಸಿದರು. ಯಾರಿಗೂ ಮುನ್ಸೂಚನೆ ಕೊಡದೆ ಮತ್ತೆ ಮಾದರಿ ತೆಗೆಯಬೇಕು, ನೀರಿನ ಜೊತೆ ಪಾಚಿಯನ್ನೂ ಎಣಿಸಬೇಕು, ಅಲ್ಲಿಯವರೆಗೆ ಹೊಸ ಹೊಂಡದ ಮಾತಿಲ್ಲ ಎಂದು ಆದೇಶಿಸಿದರು.

ಮರುವಾರ ಪ್ರಯೋಗಾಲಯದವರು ಆಕೆಯನ್ನು ಉಗ್ರಾಣಕ್ಕೆ ಹಾಕಿದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಖಾಲಿ ಬಾಟಲಿ, ಕೈಗವಸುಗಳ ಲೆಕ್ಕ ಇಡುವ ಕೆಲಸ. ಆಕೆ ಅಲ್ಲಿಗೂ ಹತ್ತು ಗಂಟೆಗೆ ಸರಿಯಾಗಿ ಹೋಗಿ ಕೂರುತ್ತಿದ್ದಳು. ಕ್ಷಮೆ ಕೇಳಿ ಒಂದು ಪತ್ರ ಬರೆದುಕೊಟ್ಟರೆ ಹಳೆಯ ಜಾಗ ಸಿಗುತ್ತದೆಂದು ಯಾರೋ ಹೇಳಿದರು. "ಕಾಗದ ಇಲ್ಲೇ ಬೇಕಾದಷ್ಟಿದೆ, ಬರೆಯೋ ಮನಸ್ಸಿಲ್ಲ" ಎಂದಳು.

ಒಂದು ತಿಂಗಳಾದ ಮೇಲೆ ಮುಖ್ಯಸ್ಥರೇ ಉಗ್ರಾಣಕ್ಕೆ ಇಳಿದು ಬಂದರು. ಹೇಳದೆ ಹೋಗಿ ತಂದ ಮಾದರಿಗಳು ಬಂದಿದ್ದವು. ಎಣಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಎಣಿಸ್ತೀನಿ. ಪುಟ ವರದಿಯಲ್ಲಿ ಇರುತ್ತೆ, ಕೆಳಗೆ ನನ್ನ ಸಹಿ ಇರುತ್ತೆ ಅಂತ ಮೊದಲು ಬರೆದು ಕೊಡಿ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಇಲ್ಲ ಸರ್."

ಅವರು ಬಾಟಲಿಯ ಪೆಟ್ಟಿಗೆಯ ಮೇಲೆ ಕಾಗದವಿಟ್ಟು ನಿಂತೇ ಬರೆದುಕೊಟ್ಟರು. ನಾಲ್ಕು ದಿನ ಆಕೆ ಎಣಿಸಿದಳು. ನೂರ ಹನ್ನೆರಡು ಸೊಟ್ಟ. ಈ ಸಲ ಬಾಟಲಿಯೂ ಬಾಯಿಬಿಟ್ಟಿತ್ತು, ತಾಮ್ರ ಮಿತಿಯ ಮೂರು ಪಟ್ಟು. ಹೊಸ ಹೊಂಡಕ್ಕೆ ಅನುಮತಿ ಸಿಗಲಿಲ್ಲ. ಹಳೆಯ ಹೊಂಡದ ಕೆಸರು ಜೌಗಿಗೆ ಸೋರುತ್ತಿದ್ದುದನ್ನು ನಿಲ್ಲಿಸಲು ಗಡುವು ಕೊಟ್ಟರು. ಜೌಗು ಅಷ್ಟಕ್ಕೇ ಗುಣವಾಗುವುದಿಲ್ಲವೆಂದು ಆಕೆಗೆ ಗೊತ್ತಿತ್ತು, ಗೆದ್ದೆನೆಂದು ಬೀಗಲಿಲ್ಲ. ಎಣಿಕೆ ಮುಗಿದ ಮೇಲೆ ಮತ್ತೆ ಉಗ್ರಾಣಕ್ಕೇ ಹೋದಳು.

ಮಾವನ ಹಳೆಯ ಜೊತೆಗಾರರು ಚಹಾದಂಗಡಿಯಲ್ಲಿ ಅವರನ್ನು ಮಾತಾಡಿಸುವುದನ್ನು ಬಿಟ್ಟರು. ಇವರು ಮಾತ್ರ ದಿನಾ ಸಂಜೆ ಅದೇ ಅಂಗಡಿಗೆ ಹೋಗುತ್ತಿದ್ದರು.

"ಬೇರೆ ಅಂಗಡಿ ಇಲ್ವಾ ಮಾವ?" ಎಂದು ಆಕೆ ಕೇಳಿದಳು.

"ಅವರು ಮುಖ ತಿರುಗಿಸಿದ್ರು ಅಂತ ನಾನ್ಯಾಕೆ ಚಹಾ ಬಿಡ್ಲಿ? ನಿನ್ನೆ ಒಬ್ಬ ಎದ್ದು ಬಂದು ನನ್ನ ಪಕ್ಕ ಕೂತ. ಈಗ ಪಂಪ್‌ಹೌಸಲ್ಲಿ ನನ್ನ ಜಾಗದಲ್ಲಿ ಇರೋನು."

"ಏನಂದ?"

"ಏನೂ ಅನ್ಲಿಲ್ಲ. ಸುಮ್ನೆ ಕುಡಿದು ಹೋದ. ಇವತ್ತೂ ಬರ್ತಾನೆ ನೋಡ್ತಿರು" ಎಂದು ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟರು.