ಪೂವಕ್ಕ ಬಿಡದ ಸ್ವರ

“ಡೊರೊತಿ ಮೇಡಂ, ಆ ಒಬ್ಬರನ್ನು ಬಿಟ್ಟುಬಿಡಿ. ಉಳಿದ ಏಳು ಜನ ಚೆನ್ನಾಗಿಯೇ ಹಾಡ್ತಾರೆ,” ಎಂದ ದೋಹಾದ ಕನ್ನಡ ಸಂಘದ ಕಾರ್ಯದರ್ಶಿ ಚನ್ನಕೇಶವ.

ಆ ಒಬ್ಬರೆಂದರೆ ಪೂವಕ್ಕ. ಅಲ್ ರಯ್ಯಾನಿನ ಮನೆಯೊಂದರಲ್ಲಿ ಅಡುಗೆ ಕೆಲಸ, ಶುಕ್ರವಾರ ರಜೆ, ರಜೆಯಲ್ಲಿ ಹಾಡು. ಊರಿನಲ್ಲಿ ಗದ್ದೆಯ ಈ ಬದಿಯಿಂದ ಆ ಬದಿಗೆ ಕರೆದು ಪಳಗಿದ ಗಂಟಲು.

ಡೊರೊತಿ ಬಲ್ಗೇರಿಯಾದಲ್ಲಿ ಆರು ವರ್ಷ ಅಲ್ಲಿನ ಹಳ್ಳಿ ಹೆಂಗಸರ ಹಾಡು ಕಲಿತು, ಆಮೇಲೆ ಸರ್ಬಿಯಾ, ಮ್ಯಾಸಿಡೋನಿಯಾ ಅಂತ ಗಾಯನ ತಂಡಗಳನ್ನು ನಡೆಸಿ ದೋಹಾಕ್ಕೆ ಬಂದವಳು. ಹೊಟ್ಟೆಪಾಡಿಗೆ ಶಾಲೆಯಲ್ಲಿ ಸಂಗೀತದ ಟೀಚರು; ಶುಕ್ರವಾರ ಸಂಘದ ಎಂಟು ಹೆಂಗಸರಿಗೆ ಆ ಹಳ್ಳಿಹಾಡಿನ ಪಾಠ. ಮಂಗಳೂರಿನ ನೆಂಟರು ಇವತ್ತಿಗೂ ಕೇಳುತ್ತಾರೆ: “ಕಿರುಚಲಿಕ್ಕೂ ಡಿಗ್ರಿ ಉಂಟಾ?”

ಆ ಹಾಡಿನ ಕ್ರಮವೇ ಬೇರೆ. ಒಬ್ಬಳು ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲಬೇಕು. ಇನ್ನೊಬ್ಬಳು ಅದಕ್ಕೆ ತಾಗಿಕೊಂಡೇ ಪಕ್ಕದ ಸ್ವರ ಹಾಡಬೇಕು. ಎರಡೂ ಒಂದಕ್ಕೊಂದು ಉಜ್ಜಿ ಕಿವಿಯೊಳಗೆ ಗುಂಯ್ ಅನ್ನಬೇಕು. ಕಷ್ಟವಿದ್ದದ್ದು ಸ್ವರದಲ್ಲಲ್ಲ, ಈ ಹೆಂಗಸರ ಮರ್ಯಾದೆಯಲ್ಲಿ. ತಾಗಿತು ಅನ್ನಿಸಿದ ಕೂಡಲೇ, ಬಸ್ಸಿನ ಸೀಟಿನಲ್ಲಿ ಸರಿದ ಹಾಗೆ, ಪಕ್ಕದವಳಿಗೆ ಜಾಗ ಬಿಡುತ್ತಿದ್ದರು. ಎರಡು ಸ್ವರ ಒಂದಾಗಿ ಹಾಡು ಚಪ್ಪೆಯಾಗುತ್ತಿತ್ತು. ಸರಿಯದೆ ನಿಂತವಳು ಪೂವಕ್ಕ ಒಬ್ಬಳೇ.

“ಅವರಿಲ್ಲದೆ ಹಾಡೇ ಇಲ್ಲ, ಚನ್ನಕೇಶವರೇ.”

“ಶ್ರುತಿ ಸೇರೋದಿಲ್ಲ ಮೇಡಂ. ಇವತ್ತಿನ ಕಾರ್ಯಕ್ರಮಕ್ಕೆ ಲುಸೈಲಿನಿಂದ ಸ್ಪಾನ್ಸರ್ ಬರ್ತಾರೆ. ನಗ್ತಾರೆ.”

“ನಗಲಿ. ಎಂಟು ಜನ, ಇಲ್ಲಾಂದ್ರೆ ಯಾರೂ ಇಲ್ಲ.”

“ಹಾಗಾದ್ರೆ ಎಲ್ಲರಿಗಿಂತ ಮೊದಲು ನೀವು. ನಾಲ್ಕೂವರೆಗೆ ಐದು ನಿಮಿಷ, ಖಲಾಸ್!” ಸಭಾಂಗಣ ತುಂಬುವುದು ಆರಕ್ಕೆ ಎಂದು ಇಬ್ಬರಿಗೂ ಗೊತ್ತಿತ್ತು.

ಪರದೆಯ ಹಿಂದೆ ಪೂವಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಡೊರೊತಿಯನ್ನು ಅವಳು ಊರಿನ ರೂಢಿಯಂತೆ ಬಾಯಮ್ಮ ಎನ್ನುತ್ತಿದ್ದಳು. “ನಾನು ಬದಿಗೆ ನಿಲ್ತೇನೆ ಬಾಯಮ್ಮ. ನನ್ನಿಂದ ನಿಮ್ಮ ಹೆಸರು ಹಾಳಾಗುದು ಬೇಡ.”

“ನನ್ನ ಹೆಸರು ಯಾವಾಗಲೋ ಹಾಳಾಗಿದೆ ಪೂವಕ್ಕ. ನೀವು ಸ್ವರ ಬಿಡಬೇಡಿ, ಸಾಕು.”

“ಮೇಲಿನ ಸ್ವರದ ತೃಷಾ ಜಗಳಕ್ಕೇ ಬಂದ ಹಾಗೆ ಬರ್ತಾಳಲ್ಲ?”

“ಬರಲಿ. ನೀವೂ ಜಗಳ ಮಾಡಿ.”

ನಾಲ್ಕೂವರೆಗೆ ಕೆಳಗೆ ನಲವತ್ತು ಜನ ಇದ್ದಿರಬಹುದು. ಮಕ್ಕಳು ಸಮೋಸ ಹಿಡಿದು ಕುರ್ಚಿಗಳ ನಡುವೆ ಓಡುತ್ತಿದ್ದವು. ಡೊರೊತಿ ಕೈ ಎತ್ತಿದಳು. ಪೂವಕ್ಕ ಕೆಳಗಿನ ಸ್ವರ ಹಿಡಿದಳು, ತೃಷಾ ಬಂದು ಅದಕ್ಕೆ ಉಜ್ಜಿದಳು.

“ಅಯ್ಯೋ, ಯಾರಾದ್ರೂ ಇವರಿಗೊಂದು ಶ್ರುತಿಪೆಟ್ಟಿಗೆ ಕೊಡಿ!” ಮುಂದಿನ ಸಾಲಿನಿಂದ ಯಾರೋ ಅಂದರು. ನಗು ಹಿಂದಿನ ಸಾಲಿನವರೆಗೂ ಹೋಯಿತು.

ಪೂವಕ್ಕನ ಮುಖ ಸಣ್ಣದಾಯಿತು. ಅವಳ ಸ್ವರ ಮೆಲ್ಲಗೆ ತೃಷಾಳ ಕಡೆಗೆ ಜಾರತೊಡಗಿತು. ಇನ್ನೊಂದು ಉಸಿರಿನಲ್ಲಿ ಎರಡೂ ಒಂದಾಗುತ್ತವೆ, ಎಲ್ಲರ ಕಿವಿಗೂ ಹಿತವಾಗುತ್ತದೆ, ಚನ್ನಕೇಶವನ ಮಾತೇ ಗೆಲ್ಲುತ್ತದೆ. ಡೊರೊತಿ ಎಡಗೈಯನ್ನು ಮುಷ್ಟಿ ಮಾಡಿ ಎದೆಗೊತ್ತಿ ಪೂವಕ್ಕನನ್ನೇ ದಿಟ್ಟಿಸಿದಳು. ಪೂವಕ್ಕ ದವಡೆ ಬಿಗಿದಳು. ಸ್ವರ ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತು. ಗುಂಯ್ ಎಂದು ಎಂಥ ಸದ್ದೆದ್ದಿತೆಂದರೆ ಮಗುವೊಂದು ಸಮೋಸ ಬಿಟ್ಟು ಕಿವಿ ಮುಚ್ಚಿಕೊಂಡಿತು.

ಹಾಡು ಮುಗಿಯಿತು. ಚಪ್ಪಾಳೆ ಇಲ್ಲ. ನಗುವೂ ಇಲ್ಲ. ಬದಿಯಲ್ಲಿ ಚನ್ನಕೇಶವ ವಾಚು ತೋರಿಸಿ, ಇಳಿಯಿರಿ ಎಂದು ಕೈಬೀಸುತ್ತಿದ್ದ.

ಡೊರೊತಿ ಅತ್ತ ತಿರುಗಲಿಲ್ಲ. ಮತ್ತೆ ಎರಡೂ ಕೈ ಎತ್ತಿದಳು.

“ಮೊದಲಿನಿಂದ. ಈ ಸಲ ಇನ್ನೂ ಜೋರಾಗಿ.”

ಸನ್ನೆಗೂ ಕಾಯದೆ ಪೂವಕ್ಕ ತನ್ನ ಸ್ವರ ಎತ್ತಿಕೊಂಡಳು.