ಅರ್ಧ ಲೋಟ

ಮುಂದಿನ ಅದಿರು ಲಾರಿಯ ಟಾರ್ಪಾಲಿನ ಒಂದು ಮೂಲೆ ಬಿಚ್ಚಿಕೊಂಡು ಪಟಪಟ ಬಡಿದುಕೊಳ್ಳುತ್ತಿದೆ, ಬಾ ಬಾ ಎಂದು ಕರೆಯುವ ಹಾಗೆ, ಬಂದೆ, ಬಂದೆ, ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಇವರನ್ನೆಲ್ಲ ಹೊರಡಿಸಿಕೊಂಡು ಬರುತ್ತಿದ್ದೇನೆ, ಸ್ವಲ್ಪ ತಡಿ — ಸಂಡೂರು ದಾಟಿಯಾಯಿತು, ಇನ್ನೇನು ಚೋರನೂರು, ನಮ್ಮೂರು, ಹೆಸರು ಹೇಳಿದರೇ ನಾಲಿಗೆ ಒಣಗುತ್ತದೆ ಎಂದು ನನ್ನ ಗಂಡ ಸಿದ್ದಲಿಂಗೇಶ್ ಅನ್ನುವ ಊರು. ಮದುವೆಯಾದ ವಾರದಿಂದಲೂ ಅವರ ಬಾಯಲ್ಲಿ ಅದು ರಾಜಸ್ಥಾನ. ನಿಮ್ಮ ರಾಜಸ್ಥಾನದಾಗ ಮಳಿ ಆತೇನು, ನಿಮ್ಮಪ್ಪ ಬಸ್ಸಿಗೆ ಬರ್ತಾರೋ ಒಂಟಿ ಮ್ಯಾಲೆ ಬರ್ತಾರೋ. ಈಗಲೂ ಸ್ಟೇರಿಂಗ್ ಹಿಡಿದುಕೊಂಡೇ, ಐಶ್ವರ್ಯ, ಒಂಟಿ ಕಂಡ್ರ ಹೇಳವ್ವ, ಪಾರ್ಕಿಂಗ್ ಅಲ್ಲೇ ಇರ್ತತಿ, ಅನ್ನುತ್ತಾರೆ, ಹದಿನಾರರ ಮಗಳು ಕಿವಿಗೆ ಇಯರ್‌ಫೋನ್ ತುರುಕಿಕೊಂಡೂ ನಗುತ್ತಾಳೆ, ನಾನು ಕರೆದರೆ ಕೇಳಿಸದ ಕಿವಿಗೆ ಅಪ್ಪನ ಜೋಕು ಮಾತ್ರ ಹೇಗೋ ಕೇಳಿಸುತ್ತದೆ. ಅವಳಿಗೆ ಹಂಪಿಗೆ ಹೋಗಬೇಕಿತ್ತು, ಫೋಟೊ ತೆಗೆಯಬೇಕಿತ್ತು, ಹಂಪಿ ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ್ತಿ, ಐದುನೂರು ವರ್ಷದಿಂದ ಅಲ್ಲೇ ಕೂತಿದೆ, ಮುಂದಿನ ಭಾನುವಾರವೂ ಕೂತಿರುತ್ತದೆ, ಈ ಭಾನುವಾರ ನನ್ನದು ಅಂದೆ, ಹಟ ಹಿಡಿದೆ, ಗೆದ್ದೆ. ಮುಂದಿನ ಸೀಟಿನಲ್ಲಿ ಅತ್ತೆ, ಕೊಟ್ರಮ್ಮನವರು, ತೊಡೆಯ ಮೇಲೆ ಮಂಡಕ್ಕಿ ಡಬ್ಬಿ, ಹೊಸಪೇಟೆ ದಾಟಿದ ಮೇಲೆ ಕಿಟಕಿಯಿಂದ ಕೆಂಪು ನೆಲ ನೋಡುತ್ತಾ ಕೂತಿದ್ದಾರೆ. ನೋಡಲಿ, ಚೆನ್ನಾಗಿ ನೋಡಲಿ. ಅವರಿಗೆ ತೋರಿಸುವುದಕ್ಕೇ ತಾನೇ ಇಷ್ಟೆಲ್ಲ, ಹಂಗೇ ಒಂದು ಸುತ್ತು ಹೋಗಿ ಬರೋಣ ಅತ್ತಿ ಎಂದು ನಾನು ಹೇಳಿದ್ದು ಬರೀ ನೆಪ.

ಅವರು ನಮ್ಮೂರು ಕಂಡೇ ಇಲ್ಲ. ಮದುವೆ ಇವರ ಊರು ಕಂಪ್ಲಿಯಲ್ಲೇ ಆಯಿತು, ಅದೇ ವರ್ಷ ಅಪ್ಪ ಮನೆ ಮಾರಿ ಹೊಸಪೇಟೆಗೆ ಅಣ್ಣನ ಹತ್ತಿರ ಬಂದುಬಿಟ್ಟರು, ಇನ್ನು ಯಾರ ಮನೆಗೆಂದು ಬರುವುದು. ಕಂಪ್ಲಿಯವರಿಗೆ ನೀರೆಂದರೆ ಗಾಳಿಯ ಹಾಗೆ, ಇದೆ ಅಂತಲೇ ಗೊತ್ತಿರುವುದಿಲ್ಲ, ಹಿತ್ತಲಾಚೆ ಕಾಲುವೆ, ಕಾಲುವೆಯಾಚೆ ಭತ್ತ, ನಮ್ಮದೇ ರೈಸ್‌ಮಿಲ್ಲು, ಅಂಗಳ ತೊಳೆಯುವುದಕ್ಕೇ ದಿನಾ ಎಂಟು ಕೊಡ, ನಾನು ಮೊದಲ ದಿನ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಮೂರನೇ ದಿನ ಮಿಲ್ಲಿನ ಹಿರಿಯರು ಬಂದರು, ನಾಲ್ಕು ಜನ, ರೇಷ್ಮೆ ಸೀರೆ ಉಟ್ಟುಕೊಂಡು ತಟ್ಟೆಯಲ್ಲಿ ನಾಲ್ಕು ಲೋಟ ನೀರು ತಂದಿಟ್ಟೆ, ನಾಲ್ಕೂ ಅರ್ಧ ಅರ್ಧ. ಅತ್ತೆ ಅಡುಗೆಮನೆಗೆ ಬಂದು ಮೆಲ್ಲಗೆ, ಯಾಕವ್ವ ಶೈಲಾ, ನಮ್ಮ ಮನ್ಯಾಗ ನೀರಿಗೂ ಬರ ಬಂತೇನು, ಅಂದರು. ಆಮೇಲೆ ಮೆಲ್ಲಗೆ ಹೇಳುವುದು ನಿಂತು ಜೋರಾಗಿ ಶುರುವಾಯಿತು, ನಮ್ಮ ಸೊಸಿ ಕೈ ಭಾಳ ಬಿಗಿ ನೋಡ್ರಿ, ನೀರು ಸೈತ ಅಳತಿ ಮಾಡಿ ಕೊಡ್ತಾಳ. ಹೋಳಿಗೆಗೆ ತುಪ್ಪ ಕಡಿಮೆಯಾದರೆ ಕೈ ಬಿಗಿ, ಜಾತ್ರೆಗೆ ಸೀರೆ ತೊಗೊಳ್ಳದಿದ್ದರೆ ಕೈ ಬಿಗಿ. ನಗುತ್ತಲೇ ಅನ್ನುತ್ತಾರೆ, ಪಾಪ, ಕೆಟ್ಟವರಲ್ಲ, ಹೆರಿಗೆಯಾದಾಗ ಮೂರು ತಿಂಗಳು ನನ್ನನ್ನು ನೆಲಕ್ಕೆ ಕಾಲಿಡಲು ಬಿಟ್ಟವರಲ್ಲ, ಅದಕ್ಕೇ ನಾನೂ ನಗುತ್ತೇನೆ, ನಗುನಗುತ್ತಾ ಮೈ ಉರಿಯುತ್ತದೆ. ಅದು ಜಿಪುಣತನ ಅಲ್ಲ ಅತ್ತಿ, ನಮ್ಮ ಓಣಿಯ ರಿವಾಜು — ಎಷ್ಟು ಸಲ ಬಾಯಿಗೆ ಬಂದಿತ್ತು. ನಸುಕಿಗೇ ಎದ್ದು ಹಳ್ಳದ ಮರಳು ತೋಡಿ, ಒರತೆ ಜಿನುಗುವುದನ್ನು ಕಾದು, ತೆಂಗಿನ ಪರಟೆಯಲ್ಲಿ ಮೊಗೆದು ಮೊಗೆದು ಕೊಡ ತುಂಬಿಸಿದ ನೀರು ಅದು. ನಮ್ಮಜ್ಜಿ ಹೇಳುತ್ತಿದ್ದರು, ಅರ್ಧ ಕೊಡು, ಕುಡುದ ಮ್ಯಾಲೆ ಇನ್ನಷ್ಟು ತರ್ಲೇನು ಅಂತ ಕೇಳು, ಮತ್ತ ಅರ್ಧ ಕೊಡು, ತುಂಬಿ ಕೊಟ್ರ ಬಂದೋರು ಉಳಸ್ತಾರ, ಉಳಸಿದ್ರ ಅವರಿಗೇ ನಾಚಿಕಿ ಆಗತೈತಿ, ಮನಿಗೆ ಬಂದೋರ್ನ ನಾಚಿಸಬಾರದು. ಇದನ್ನು ಕಂಪ್ಲಿಯ ಕಾಲುವೆ ದಂಡೆಯಲ್ಲಿ ನಿಂತು ಹೇಳಿದರೆ ಯಾರು ನಂಬುತ್ತಾರೆ, ಇಲ್ಲಿ ಬಂದು, ಈ ಬಿಸಿಲಲ್ಲಿ, ಯಾರದಾದರೂ ಮನೆಯಲ್ಲಿ ಅರ್ಧ ಲೋಟ ಅವರ ಕೈಗೆ ಬರಬೇಕು, ಆಗ ನಾನು ಏನೂ ಹೇಳುವುದೇ ಬೇಡ. ಆದರೂ ಹೇಳುತ್ತೇನೆ, ಬಿಡುವವಳಲ್ಲ, ಭಾಷಣ ಸಿದ್ಧವಾಗಿದೆ, ಹೊಸಪೇಟೆಯಿಂದ ಇಲ್ಲಿವರೆಗೆ ಮನಸ್ಸಿನಲ್ಲೇ ನಾಲ್ಕು ಸಲ ಒಪ್ಪಿಸಿದ್ದೇನೆ.

ಊರ ಬಾಗಿಲಿಗೇ ಕಾರು ನಿಂತಿತು. ಏನಾಯ್ತು, ಅಂದೆ. ಶೈಲಾ, ನಿಮ್ಮ ಮರುಭೂಮ್ಯಾಗ ಕೆರಿ ಐತಲ್ಲೇ, ಅಂದರು ಇವರು — ಓಣಿಯ ನಡುವೆ ನೀರು, ನಿಂತ ನೀರು, ಅದರಲ್ಲಿ ಒಂದು ನಾಯಿ ಹೊಟ್ಟೆ ಊರಿ ಜಮೀನ್ದಾರನಂತೆ ಮಲಗಿದೆ, ಹಾರ್ನಿಗೆ ಒಂದು ಕಿವಿ ಮಾತ್ರ ಎತ್ತಿತು. ಮನೆಮನೆಗೆ ಸಿಮೆಂಟಿನ ಗೂಟ, ಗೂಟಕ್ಕೊಂದು ನಳ, ಒಂದು ನಳ ತಿರುಗಿಸದೆಯೂ ಸುರಿಯುತ್ತಿದೆ. ಅಯ್ಯೋ ಶಿವನೇ, ನಮ್ಮೂರಿಗೆ ಒಳ್ಳೆಯದಾಗಿದೆ, ಖುಷಿಪಡಬೇಕು, ಪಡುತ್ತಿದ್ದೇನೆ, ನಿಜವಾಗಿಯೂ ಪಡುತ್ತಿದ್ದೇನೆ, ಆದರೆ ಇವತ್ತೊಂದು ದಿನ ಈ ನಳ ಬಂದ್ ಆಗಿರಬಾರದಿತ್ತೇ. ನಮ್ಮ ಮನೆಗೆ ನವಿಲುಬಣ್ಣ ಬಳಿದಿದ್ದಾರೆ, ಬಾಗಿಲಿಗೆ ಬೀಗ, ಕಟ್ಟೆ ಎಷ್ಟು ಚಿಕ್ಕದು, ಇದರ ಮೇಲೆ ಆರು ಜನ ಮಲಗುತ್ತಿದ್ದೆವೇ. ಪಕ್ಕದ ಮನೆಯ ಭರಮಮ್ಮ ಹೊರಗೆ ಬಂದಳು, ಕೂದಲು ಪೂರ್ತಿ ಬೆಳ್ಳಗೆ, ಕಣ್ಣಿಗೆ ಕೈ ಅಡ್ಡ ಹಿಡಿದು, ಯಾರದು, ಶೈಲಿ ಅಲ್ಲೇನ ನೀನು, ಎಷ್ಟು ದಪ್ಪಗಾಗೀಯ ಯವ್ವಾ, ಕಂಪ್ಲಿ ಅನ್ನ ಮೈಗೆ ಹತ್ತೈತಿ. ಐಶ್ವರ್ಯ ಕಿವಿಯಿಂದ ಇಯರ್‌ಫೋನ್ ತೆಗೆದಳು, ಈಗ ಅವಳಿಗೆ ನಮ್ಮೂರು ಸೇರಿತು. ಬರ್ರಿ, ಕುಂದ್ರಿ, ಬಿಸಿಲಾಗ ಬಂದೀರಿ, ಎಂದು ಚಾಪೆ ಹಾಸಿ ಒಳಗೆ ಹೋದಳು ಭರಮಮ್ಮ, ನಾನು ಒಳಗೊಳಗೇ, ಅರ್ಧ, ಭರಮಮ್ಮ, ನಿನ್ನ ಕಾಲಿಗೆ ಬೀಳುತ್ತೇನೆ, ಅರ್ಧ.

ತಟ್ಟೆ ಬಂತು. ನಾಲ್ಕು ಲೋಟ, ನಾಲ್ಕೂ ತುಂಬಿ ತುಳುಕುತ್ತಿವೆ, ತಟ್ಟೆಯಲ್ಲೂ ನೀರು ಚೆಲ್ಲಿದೆ. ಇವರ ಮೀಸೆ ಅಲುಗಿತು, ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ಗಟ್ಟಿಯಾಗಿ ನಕ್ಕುಬಿಡುತ್ತಿದ್ದರು. ಅತ್ತೆ ನೋಡಿದರು. ಲೋಟವನ್ನೊಮ್ಮೆ, ನನ್ನನ್ನೊಮ್ಮೆ, ನನ್ನ ಭಾಷಣ ಹೋಯಿತು, ಇನ್ನು ಸಾಯುವವರೆಗೂ ನಾನು ಬಿಗಿ ಕೈಯವಳೇ. ಭರಮಮ್ಮ ಮಾತಾಡುತ್ತಲೇ ಇದ್ದಳು, ಮಗ ಗುಡ್ಡಪ್ಪ ತೋರಣಗಲ್ಲಿಗೆ ಕೆಲಸಕ್ಕೆ ಹೋಗುವುದು, ಸೊಸೆ ಲಲಿತಾ ಬಾಣಂತಿ, ಅತ್ತೆ ಅರ್ಧ ಕುಡಿದರು, ಸಾಕಾಯಿತು, ಕಂಪ್ಲಿಯಲ್ಲಿ ದಿನಾ ಮಾಡುವ ಹಾಗೆ ಉಳಿದದ್ದನ್ನು ಅಂಗಳಕ್ಕೆ ಎರಚಲು ಕೈ ಎತ್ತಿದರು — ಮಾತಿನ ನಡುವೆಯೇ, ಆ ಕಡೆ ನೋಡದೆಯೇ, ಭರಮಮ್ಮನ ಕೈ ಚಾಚಿ ಬಂದು ಲೋಟದ ಬಾಯಿ ಮುಚ್ಚಿತು. ಯವ್ವಾ, ಚೆಲ್ಲಬ್ಯಾಡ್ರಿ. ಅಂದ ಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡಳು, ನಾಚಿ ನಕ್ಕಳು, ತಪ್ಪು ತಿಳ್ಕಾಬ್ಯಾಡ್ರಿ ಅಮ್ಮಾರ, ನಳ ಬಂದು ಮೂರು ವರ್ಷಾತು, ಕೈಗೆ ಇನ್ನಾ ಗೊತ್ತಾಗಿಲ್ಲ ನೋಡ್ರಿ. ಆದರೂ ಕೈ ತೆಗೆಯಲಿಲ್ಲ. ಅತ್ತೆಯೂ ಲೋಟ ಎಳೆದುಕೊಳ್ಳಲಿಲ್ಲ. ನಾಯಿ ನೀರಿನಿಂದೆದ್ದು ಮೈ ಕೊಡವಿತು, ಐಶ್ವರ್ಯ ಅಯ್ಯೇ ಎಂದು ಕಿರುಚಿ ನಕ್ಕಳು. ಆಮೇಲೆ ಭರಮಮ್ಮನ ಕೈ ಸರಿಯಿತು, ಅತ್ತೆ ಲೋಟ ಬಾಯಿಗೆ ಎತ್ತಿದರು, ನಿಧಾನಕ್ಕೆ, ತಳ ಕಾಣುವವರೆಗೆ ಕುಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಇನ್ನಷ್ಟು ತರ್ಲೇನ್ರೀ, ಕೇಳಿದಳು ಭರಮಮ್ಮ. ತಾರವ್ವ, ಅಂದರು ಅತ್ತೆ, ಅರ್ಧ ತಾ, ಅರ್ಧ ಕೊಟ್ರ ಮರ್ಯಾದಿ — ಹೇಳಿದ್ದು ಭರಮಮ್ಮನಿಗೆ, ನೋಡಿದ್ದು ನನ್ನ ಕಡೆ, ಆ ಕಣ್ಣಲ್ಲಿ ಕೈ ಬಿಗಿ ಅನ್ನುವಾಗಿನ ನಗು ಇರಲಿಲ್ಲ, ಮೊದಲ ಸಲ ಇರಲಿಲ್ಲ. ಇವರ ಮೀಸೆ ಅಲುಗುವುದು ನಿಂತಿದೆ. ಈಗ ಹೇಳಬೇಕು, ಈಗಲೇ, ಹಳ್ಳ, ಪರಟೆ, ಅಜ್ಜಿ, ನಾಲ್ಕು ಸಲ ಒಪ್ಪಿಸಿದ್ದೆನಲ್ಲ, ಎಲ್ಲಿಂದ ಶುರು ಮಾಡಿದ್ದೆ, ಅತ್ತಿ, ಅದು ಏನಂದರೆ, ಅತ್ತಿ — ನೆನಪಿಗೇ ಬರುತ್ತಿಲ್ಲ, ಕಣ್ಣ ಮುಂದೆ ಇರುವುದು ಅದೊಂದೇ, ಆ ಕೈ, ಲೋಟದ ಬಾಯಿಯ ಮೇಲೆ ಕವುಚಿದ ಆ ಕೈ, ಅದರ ಕೆಳಗೆ ಅಲುಗದೆ ನಿಂತ ನೀರು