ಬೀಳದವರ ವಾರ್ಡು

ಆಸ್ಪತ್ರೆಯಲ್ಲಿ ಅವಳನ್ನು ಬೆನ್ನ ಹಿಂದೆ ಎಲ್ಲರೂ ‘ಬೀಳ್ಬೇಡಿ ಸಿಸ್ಟರ್’ ಎಂದೇ ಕರೆಯುತ್ತಿದ್ದರು. ಎದುರಿಗೆ ಬಂದರೆ ಮಾತ್ರ ಮೇಡಂ. ವಯಸ್ಸಾದವರ ವಾರ್ಡಿಗೆ ಮುಖ್ಯ ನರ್ಸ್ ಆಗಿ ಬಂದಾಗಿನಿಂದ ಅವಳ ಬಾಯಲ್ಲಿ ಅದೊಂದೇ ಜಪ: ರೋಗಿ ಬೀಳಬಾರದು. ಬಿದ್ದರೆ ಸೊಂಟ ಮುರಿಯುತ್ತದೆ, ಸೊಂಟ ಮುರಿದ ಮುದುಕರು ಮತ್ತೆ ಏಳುವುದು ಕಷ್ಟ, ಮನೆಯವರು ಜಗಳಕ್ಕೆ ನಿಲ್ಲುತ್ತಾರೆ. ಮಾತೇನೂ ಸುಳ್ಳಲ್ಲ. ಅವಳು ಬರುವ ಮೊದಲು ಆ ವಾರ್ಡಿನಲ್ಲಿ ಬಚ್ಚಲಿಗೆ ಹೋಗಿ ಜಾರಿದವರು, ಮಂಚದ ಕೆಳಗೆ ಚಪ್ಪಲಿ ಹುಡುಕಲು ಹೋಗಿ ಮಗುಚಿಕೊಂಡವರು ಬೇಕಾದಷ್ಟು ಜನ ಇದ್ದರು.

ಅವಳು ಕಂಡುಹಿಡಿದ ಮದ್ದು ಸುಲಭದ್ದು. ಬೀಳಬಹುದು ಎನಿಸಿದವರ ಕಾಲಿಗೆ ಹಳದಿ ಕಾಲುಚೀಲ. ಹಳದಿ ಕಾಲುಚೀಲದವರ ಮಂಚದ ಎರಡೂ ಬದಿಯ ಕಂಬಿ ಸದಾ ಮೇಲೆ. ನರ್ಸ್ ಜೊತೆಗಿಲ್ಲದೆ ಅವರು ಕಾಲು ಕೆಳಗಿಡುವಂತಿಲ್ಲ, ನರ್ಸ್ ಬೇಕೆಂದರೆ ಗಂಟೆ ಒತ್ತಬೇಕು. ಒತ್ತಿದರೆ ನರ್ಸ್ ಬರುತ್ತಾಳೋ ಇಲ್ಲವೋ, ಅದು ಬೇರೆ ಮಾತು. ಅಷ್ಟು ದೊಡ್ಡ ವಾರ್ಡಿಗೆ ಇದ್ದವರೇ ಇಬ್ಬರು, ಅವರಿಗೂ ಇರುವುದು ಎರಡೇ ಕೈ. ಹಾಗಾಗಿ ಬರಬರುತ್ತಾ ಎಲ್ಲರಿಗೂ ಡೈಪರ್ ಕಟ್ಟಿ ಮಲಗಿಸುವುದೇ ರೂಢಿಯಾಯಿತು. ಬೀಳುವುದು ನಿಂತೇ ಹೋಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನಿಗೂ ಆಮೇಲೆ ಮೂಗು ಸೋರಲಿಲ್ಲವೇನೋ, ಯಾರು ಕೇಳಬೇಕು! ಆಡಳಿತದವರು ಅವಳ ಕೈಗೆ ಬಹುಮಾನ ಕೊಟ್ಟು, ಫೋಟೋ ತೆಗೆಸಿ, ಲಿಫ್ಟಿನ ಪಕ್ಕ ತೂಗುಹಾಕಿದರು.

ಅದೇ ವಾರ್ಡಿಗೆ ಅವಳ ಅತ್ತೆ ಬಂದರು. ಎದೆಯಲ್ಲಿ ಕಫ ಕಟ್ಟಿ ಜ್ವರ. ಅತ್ತೆಯೇನು ಸಾಮಾನ್ಯ ಹೆಂಗಸಲ್ಲ. ಮಗ ಸೊಸೆಯೊಂದಿಗೆ ಇದ್ದ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯ ಮನೆಗೆ ತರಕಾರಿ ಚೀಲ ಹಿಡಿದು ದಿನಾ ಹತ್ತಿಳಿಯುವವರು, ನಡುವೆ ಪ್ರತಿ ಮಹಡಿಯಲ್ಲೂ ಒಂದೊಂದು ಬಾಗಿಲು ತಟ್ಟಿ ಊರ ಸುದ್ದಿಯೆಲ್ಲ ತಿಳಿದುಕೊಂಡೇ ಮನೆ ಸೇರುವವರು. ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿ ತಂದು ನಿಲ್ಲಿಸಿದರೆ ಕೈಯಾಡಿಸಿ ಆಚೆ ತಳ್ಳಿದರು.

“ಕೆಟ್ಟಿರೋದು ಎದೆ ಕಣಪ್ಪಾ, ಕಾಲಲ್ಲ” ಎಂದು ಕೆಮ್ಮುತ್ತಲೇ ವಾರ್ಡಿನ ತನಕ ನಡೆದುಬಂದರು.

ಸೊಸೆ ತನ್ನ ಕೈಯಾರೆ ಅವರಿಗೆ ಹಳದಿ ಕಾಲುಚೀಲ ತೊಡಿಸಿ, ಕಂಬಿ ಮೇಲೆತ್ತಿದಳು. “ಅತ್ತೆ, ಇಲ್ಲಿ ನಾನು ಸೊಸೆ ಅಲ್ಲ, ನರ್ಸ್. ಒಬ್ಬರೇ ಎದ್ದುಗಿದ್ದು ಬಿದ್ರೆ ನನ್ನ ಮಾನ ಹೋಗುತ್ತೆ ನೋಡಿ” ಎಂದಳು. ಅರ್ಧ ತಮಾಷೆಗೆ ಆಡಿದ ಮಾತು. ಅತ್ತೆ ಅದನ್ನು ಪೂರ್ತಿ ನಿಜ ಮಾಡಿಕೊಂಡರು.

ಆ ದಿನಗಳಲ್ಲಿ ಹೊರಗಿನಿಂದ ತಪಾಸಣೆ ತಂಡ ಬರುವುದಿತ್ತು. ಸೊಸೆಗೆ ಉಸಿರಾಡಲೂ ಪುರುಸೊತ್ತಿಲ್ಲ. ಓಡಾಡುವಾಗ ಬಾಗಿಲಿನಿಂದಲೇ ಇಣುಕುವಳು. ಕಂಬಿ ಮೇಲಿದೆ, ಅತ್ತೆ ಮಲಗಿದ್ದಾರೆ. ಅಷ್ಟು ಸಾಕು, ಸಮಾಧಾನ. ಇನ್ನು ವಾರ್ಡಿನ ನರ್ಸ್‌ಗಳಿಗೋ, ಮೇಡಂ ಅತ್ತೆ ಬಿದ್ದುಬಿಟ್ಟರೆ ತಮ್ಮ ಕಥೆ ಮುಗಿದಂತೆ ಎಂಬ ಭಯ. ಬಚ್ಚಲಿಗೆ ಹೋಗಬೇಕು ಎಂದು ಅತ್ತೆ ಕೇಳಿದಾಗಲೆಲ್ಲ “ಮಲ್ಕೊಂಡಲ್ಲೇ ಆಗ್ಲಿ ಅಜ್ಜಿ, ನಾವು ಕ್ಲೀನ್ ಮಾಡ್ತೀವಿ” ಎನ್ನುತ್ತಿದ್ದರು. ಮಾನವಂತ ಹೆಂಗಸು, ಮೊದಮೊದಲು ಗೋಡೆ ಕಡೆ ಮುಖ ಮಾಡಿಕೊಂಡು ಅತ್ತರು. ಆಮೇಲೆ ಕೇಳುವುದನ್ನೇ ಬಿಟ್ಟರು.

ಒಮ್ಮೆ ಮಾತ್ರ ಸೊಸೆಯ ಕೈ ಹಿಡಿದು, “ಕಾಲು ಯಾಕೋ ನಂದಲ್ಲ ಅನ್ನಿಸ್ತಿದೆ ಕಣೆ” ಎಂದರು.

“ಜ್ವರದ ಸುಸ್ತು ಅತ್ತೆ. ಮಲಗಿ, ಸರಿಹೋಗುತ್ತೆ” ಎಂದು ಹೊದಿಕೆ ಸರಿಮಾಡಿ ಹೊರಟಳು ಅವಳು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ.

ಅತ್ತೆ ಬಂದು ಮೂರನೇ ವಾರ, ತಪಾಸಣೆ ತಂಡ ಬಂದ ಬೆಳಿಗ್ಗೆ ಅವರಿಗೆ ಜ್ವರ ಬಿಟ್ಟಿತ್ತು, ಸಂಜೆ ಮನೆಗೆ ಕಳಿಸುವುದೆಂದು ಆಗಿತ್ತು. ತಂಡದ ಹಿರಿಯಳು ನರೆತ ಕೂದಲಿನ, ಕಡಿಮೆ ಮಾತಿನ ಡಾಕ್ಟರಮ್ಮ. ಆಡಳಿತಾಧಿಕಾರಿ ಬೇಕೆಂದೇ ಆಕೆಯನ್ನು ಅತ್ತೆಯ ಮಂಚದ ಬಳಿಗೆ ಕರೆತಂದ. “ನಮ್ಮ ಮೇಡಂ ಅತ್ತೆಯವರೇ ಇಲ್ಲಿದ್ದಾರೆ, ಅವರನ್ನೇ ಕೇಳಿ” ಎಂದು ಹಲ್ಲು ಕಿರಿದ.

“ಅಮ್ಮಾ, ಇಲ್ಲಿ ಬಂದ ಮೇಲೆ ಎಲ್ಲಾದರೂ ಬಿದ್ರಾ?” ಡಾಕ್ಟರಮ್ಮ ಕೇಳಿದರು.

ಅತ್ತೆಗೆ ಸೊಸೆಯನ್ನು ಹೊಗಳಲು ಸಿಕ್ಕಿದ ಅವಕಾಶ, ಬಿಡುತ್ತಾರೆಯೇ! ಮುಖ ಅರಳಿತು. “ಎದ್ರೆ ತಾನೆ ತಾಯಿ ಬೀಳೋದು? ನನ್ನ ಸೊಸೆ ಎಷ್ಟು ಜೋಪಾನ ಮಾಡಿದ್ದಾಳೆ ಅಂದ್ರೆ, ಬಂದಾಗಿಂದ ಕಾಲು ನೆಲಕ್ಕೆ ತಾಗಿಸೋಕೇ ಬಿಟ್ಟಿಲ್ಲ.”

ಆಡಳಿತಾಧಿಕಾರಿ ನಕ್ಕ. ನರ್ಸ್‌ಗಳೂ ನಕ್ಕರು. ಡಾಕ್ಟರಮ್ಮ ನಗಲಿಲ್ಲ.

“ಬರೋವಾಗ ಹೇಗೆ ಬಂದ್ರಿ?”

“ನಡ್ಕೊಂಡೇ ಬಂದೆ.”

“ಈಗ ಸ್ವಲ್ಪ ನಡೆದು ತೋರಿಸ್ತೀರಾ?”

ಅತ್ತೆ ಸೊಸೆಯ ಮುಖ ನೋಡಿದರು. ಇಷ್ಟು ವರ್ಷ ಮನೆಯ ಯಜಮಾನಿಕೆ ನಡೆಸಿದ ಹೆಂಗಸು, ಕಾಲು ಕೆಳಗಿಡಲು ಸೊಸೆಯ ಅಪ್ಪಣೆಗೆ ಕಾಯುತ್ತಿದ್ದರು. ಸೊಸೆ ಕಂಬಿ ಇಳಿಸಿದಳು. ಅತ್ತೆ ಕಾಲು ಕೆಳಗೆ ಬಿಟ್ಟರು, ಮಂಚದ ಅಂಚು ಹಿಡಿದು ಎದ್ದು ನಿಂತರು. ತೊಡೆಯಲ್ಲಿ ಮಾಂಸವೇ ಉಳಿದಿರಲಿಲ್ಲ. ಮೊಣಕಾಲು ಗಡಗಡ ನಡುಗಿ, ಮಡಚಿಕೊಂಡಿತು. ಸೊಸೆ ತೋಳಿಗೆ ಕೈ ಕೊಟ್ಟರೂ ಭಾರ ತಡೆಯಲಾಗದೆ ಇಬ್ಬರೂ ನೆಲಕ್ಕೆ ಕುಸಿದರು.

“ಇದು ಬಿದ್ದಂಗಲ್ಲ, ಬಿದ್ದಂಗಲ್ಲ! ಮೇಡಂ ನಿಧಾನಕ್ಕೆ ಕೂರಿಸಿದ್ರು!” ಆಡಳಿತಾಧಿಕಾರಿ ಕೈಬೀಸುತ್ತಾ ಮುಂದೆ ಬಂದ.

ಅತ್ತೆ ಹೆದರಿದ್ದರು. ಪೆಟ್ಟಾಯಿತೆಂದಲ್ಲ. “ತಪ್ಪೆಲ್ಲ ನಂದೇ ತಾಯಿ. ಅವಳದೇನೂ ಇಲ್ಲ. ನಾನೇ ಸೋಮಾರಿ, ಮಲಗಿಬಿಟ್ಟೆ” ಎಂದು ಡಾಕ್ಟರಮ್ಮನಿಗೆ ಕೈಮುಗಿದರು. ಆಮೇಲೆ ಸೊಸೆಯ ಕಡೆ ತಿರುಗಿ, ದನಿ ತಗ್ಗಿಸಿ, “ಹೊರಗಿನವರ ಎದುರು ನಿನ್ನ ತಲೆ ತಗ್ಗಿಸಿಬಿಟ್ನಲ್ಲೇ, ಕ್ಷಮಿಸು ಕಣೆ” ಎಂದರು.

ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. “ಅವರ ತಪ್ಪಲ್ಲ” ಎಂದಳು, ನೆಲದ ಮೇಲೆ ಕೂತಲ್ಲಿಂದಲೇ. “ಮಲಗಿಸಿದ್ದು ನಾನು. ಕಾಲು ಸೋತಿದೆ ಅಂತ ಹೇಳಿದ್ರು, ಮಲಗಿ ಅಂದೆ.”

ನರ್ಸ್‌ಗಳಿಬ್ಬರು ಬಂದು ಅತ್ತೆಯನ್ನು ಮಂಚಕ್ಕೆ ಎತ್ತಿದರು. ಡಾಕ್ಟರಮ್ಮ ಬಗ್ಗಿ ಅತ್ತೆಯ ಕಾಲು ಒತ್ತಿ ನೋಡಿದರು. ದಿನಾ ಅಭ್ಯಾಸ ಮಾಡಿಸಿದರೆ ಮನೆಯೊಳಗೆ ಹಿಡಿದುಕೊಂಡು ಓಡಾಡಬಹುದು, ಮೆಟ್ಟಿಲಿನ ಮಾತು ಮಾತ್ರ ಈ ವಯಸ್ಸಿನಲ್ಲಿ ಹೇಳಲಾಗದು ಎಂದರು. ಬಯ್ಯಲಿಲ್ಲ. ಹೊರಡುವ ಮೊದಲು ವಾರ್ಡಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿದರು ಅಷ್ಟೇ.

ಸೊಸೆಯೂ ಆಗ ನೋಡಿದಳು. ಸಾಲು ಮಂಚ, ಸಾಲು ಕಂಬಿ, ಸಾಲು ಹಳದಿ ಕಾಲುಚೀಲ. ಯಾವ ಕಾಲುಚೀಲದ ಅಡಿಯೂ ಕೊಳೆಯಾಗಿರಲಿಲ್ಲ. ಇಂಥ ಎಷ್ಟು ಜನರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ‘ನೋಡಿ, ಒಂದು ತರಚು ಗಾಯ ಇಲ್ಲದೆ ಕಳಿಸ್ತಿದ್ದೀವಿ’ ಎಂದು ಮನೆಯವರ ಮುಂದೆ ಎದೆಯುಬ್ಬಿಸಿಕೊಂಡಿದ್ದಳೋ! ಅವರೆಲ್ಲ ಥ್ಯಾಂಕ್ಸ್ ಹೇಳಿಯೇ ಹೋಗಿದ್ದರು.

ಪಕ್ಕದ ಮಂಚದ ಮುದುಕಿ ಕಂಬಿಯ ಸಂದಿನಿಂದ ಎಲ್ಲ ನೋಡುತ್ತಿದ್ದಳು. ಸೊಸೆ ಎದ್ದು ಹೋಗಿ ಅವಳ ಕಂಬಿಗೆ ಕೈಹಾಕಿದಳು.

“ಅಜ್ಜಿ, ನೀವು ಕೊನೇ ಸಲ ಯಾವಾಗ ನಿಂತಿದ್ದು?”

“ಬಂದ ದಿನ ನಿಂತಿದ್ದೆ, ಮೇಡಂ” ಎಂದಳು ಮುದುಕಿ.

ಮಧ್ಯಾಹ್ನ ಅತ್ತೆ ಅವಳನ್ನು ಹತ್ತಿರ ಕರೆದರು. ಗಂಡನಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಅವಳು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು. ಅತ್ತೆ ಅಷ್ಟರಲ್ಲಿ ಎಲ್ಲ ತೀರ್ಮಾನ ಮಾಡಿಕೊಂಡಿದ್ದರು.

“ನನ್ನನ್ನ ಮಗಳ ಮನೆಗೆ ಕಳಿಸಿಬಿಡಿ. ಅವಳದು ಕೆಳಗಿನ ಮನೆ, ಮೆಟ್ಟಿಲಿಲ್ಲ. ನೀನು ಬೇಜಾರು ಮಾಡ್ಕೋಬೇಡ.”

“ಅತ್ತೆ, ನಾನು ದಿನಾ ನಡೆಸ್ತೀನಿ...”

“ಆಗಲಿ, ನೋಡೋಣ” ಎನ್ನುತ್ತಾ ಅವರು ದಿಂಬಿನ ಕೆಳಗೆ ಕೈ ಹಾಕಿ ಮನೆಯ ಬೀಗದ ಕೈ ತೆಗೆದರು. ತಮ್ಮದೇ ಕೀಲಿ, ತರಕಾರಿಗೆ ಹೋಗುವಾಗ ಒಯ್ಯುವಂಥದ್ದು. ಸೊಸೆ ಕೈ ಚಾಚಲಿಲ್ಲ. ಅತ್ತೆಯೇ ಅವಳ ಮುಚ್ಚಿದ ಮುಷ್ಟಿಯ ಬೆರಳುಗಳನ್ನು ಬಿಡಿಸಿ, ಕೀಲಿಯನ್ನು ಅಂಗೈಯಲ್ಲಿಟ್ಟರು.